ಅತ್ತೆಯ ಹುಟ್ಟುಹಬ್ಬವೂ ನಮ್ಮ ಅಡ್ಡಹೆಸರೂ

ಮೊನ್ನೆ ಮನೆಗೆ ಬಣ್ಣ ಬಳಿಯಲು ಬಂದಿದ್ದ ಭಯ್ಯಾ, ಬಾಗಿಲ ಪಕ್ಕದ ಹೆಸರಿನ ಹಲಗೆಯನ್ನು ಬಿಚ್ಚಿ ನನ್ನ ಕೈಗಿಟ್ಟ. "ಸಾಬ್, ಯಹೀ ವಾಪಸ್ ಲಗಾವೂಂ ಯಾ ನಯಾ ಬನ್‌ವಾವೋಗೇ?" ಎಂದು ಕೇಳಿದ. ಇದನ್ನೇ ಮತ್ತೆ ಹಾಕಲೋ, ಹೊಸದು ಮಾಡಿಸುತ್ತೀರೋ ಎಂಬ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಹಲಗೆಯ ವಯಸ್ಸು ನನ್ನದಕ್ಕಿಂತ ಸ್ವಲ್ಪವೇ ಕಡಿಮೆ. ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ ಅಪ್ಪ ಮಾಡಿಸಿದ್ದು. ಅದನ್ನು ಬರೆದವನು ನಮ್ಮ ಅಡ್ಡಹೆಸರನ್ನು ಹಿಂದಿಯಲ್ಲಿ 'ಯೆಲಬತ್ತಿ' ಎಂದು ಬರೆದಿದ್ದ. ಅಪ್ಪ ಅದನ್ನು ನೋಡಿ, "ಇರಲಿ ಬಿಡು, ಪೋಸ್ಟ್‌ಮ್ಯಾನ್‌ಗೆ ಗೊತ್ತಾದರ ಸಾಕು" ಅಂದಿದ್ದರಂತೆ. ಫರೀದಾಬಾದಿನ ಈ ಮನೆಗೆ ಬರುವಾಗ ಎಷ್ಟೋ ಸಾಮಾನು ಕಬಾಡಿಯವನ ಪಾಲಾಯಿತು, ಹಲಗೆ ಮಾತ್ರ ನಮ್ಮ ಜೊತೆಗೇ ಬಂತು.

ನಮ್ಮ ಅಡ್ಡಹೆಸರು ಯಳವಟ್ಟಿ. ಗದಗಿನ ಕಡೆಯವರಿಗೆ ಇದನ್ನು ಹೇಳಲು ಕಷ್ಟವೇನಿಲ್ಲ. ನರ್ಮದೆ ದಾಟಿದ ಮೇಲೆ ಅದರ ಪಾಡು ಕೇಳಬೇಡಿ. ಗ್ಯಾಸಿನ ಪುಸ್ತಕದಲ್ಲಿ ನಾನು ಎಲವತಿ, ವೋಟರ್ ಕಾರ್ಡಿನಲ್ಲಿ ಯಲವಟಿ, ಬ್ಯಾಂಕಿನಲ್ಲಿ ಯೆಲ್ಲವಟ್ಟಿ. ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿದ ಆಫೀಸಿನಲ್ಲಿ ನನಗೆ 'ಯೆಲ್ಲೋ ಬತ್ತಿ' ಎಂಬ ಹೆಸರೇ ಗಟ್ಟಿಯಾಗಿತ್ತು. ಹಳದಿ ದೀಪ ಎಂದರೆ ಹೋಗುವುದೋ ನಿಲ್ಲುವುದೋ ತಿಳಿಯದ ಸ್ಥಿತಿ. ಸೆಕ್ಷನ್ ಆಫೀಸರಿಗೆ ಇದಕ್ಕಿಂತ ಒಪ್ಪುವ ಹೆಸರು ಇರಲಾರದು ಎಂದು ನಾನೂ ಸುಮ್ಮನಿದ್ದೆ. ನಿವೃತ್ತಿಯ ದಿನ ಹಾರ ಹಾಕಿದ ಸಾಹೇಬರು ಕೂಡ ಮೈಕಿನಲ್ಲಿ "ಹಮಾರೇ ಬತ್ತೀಜೀ" ಎಂದೇ ಹೊಗಳಿದರು.

ಇನ್ನೊಂದು ತೊಡಕು ಇದೆ. ಹೆಸರು ಸತ್ಯಾನಂದ, ಅಡ್ಡಹೆಸರು ಯಳವಟ್ಟಿ, ಆದರೆ ಭಾನುವಾರ ಚರ್ಚಿಗೆ ಹೋಗುತ್ತೀರಲ್ಲ, ಹೇಗೆ? ಹೊಸಬರು ಇದನ್ನು ಕೇಳಿಯೇ ಕೇಳುತ್ತಾರೆ. ನಮ್ಮ ಹಿರಿಯರು ನೇಯ್ಗೆಯವರು, ಜರ್ಮನಿಯ ಪಾದ್ರಿಗಳು ಆ ಕಡೆ ಬಂದ ಕಾಲದಲ್ಲಿ ಕ್ರೈಸ್ತರಾದರು. ಮಗ್ಗ ಬಿಡಲಿಲ್ಲ, ಊರಿನ ಹೆಸರು ಬಿಡಲಿಲ್ಲ, ಜೋಳದ ರೊಟ್ಟಿಯನ್ನಂತೂ ಬಿಡಲೇ ಇಲ್ಲ. ಕ್ರಿಸ್‌ಮಸ್ಸಿಗೆ ನಮ್ಮ ಮನೆಯಲ್ಲಿ ಕೇಕಿಗಿಂತ ಮೊದಲು ಕರ್ಚಿಕಾಯಿ ಆಗಬೇಕು. ಪಕ್ಕದ ಕ್ವಾರ್ಟರ್ಸಿನ ಮೈಸೂರಿನ ಮಾಮಿ ಪ್ರತಿವರ್ಷವೂ ಅದನ್ನು ತಿನ್ನುತ್ತಾ, "ನಿಮ್ಮ ಹಬ್ಬ ನಮ್ಮ ದೀಪಾವಳಿ ಥರಾನೇ ಇದೆಯಲ್ರೀ" ಎಂದು ಆಶ್ಚರ್ಯಪಡುತ್ತಿದ್ದರು. ಆಶ್ಚರ್ಯಪಡುತ್ತಲೇ ಇನ್ನೆರಡು ಕೈಗೆತ್ತಿಕೊಳ್ಳುತ್ತಿದ್ದರು.

ಹಲಗೆ ಕೈಯಲ್ಲಿ ಹಿಡಿದು ಇದನ್ನೆಲ್ಲ ನೆನೆಯುತ್ತ ನಿಂತಾಗ ನೆನಪು ಕೊನೆಗೆ ಹೋಗಿ ನಿಂತದ್ದು ಸಲೋಮಿ ಅತ್ತೆಯ ಎಂಬತ್ತನೇ ಹುಟ್ಟುಹಬ್ಬದಲ್ಲಿ. ಭಯ್ಯಾನಿಗೆ ಚಹಾ ಕೊಡಲು ವಿಮಲಾಗೆ ಹೇಳಿ ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ವಿಮಲಾ ನನ್ನ ಹೆಂಡತಿ. ನಾನು ಹೀಗೆ ಎಲ್ಲೆಂದರಲ್ಲಿ ಕುಳಿತುಬಿಡುವುದು ಅವಳಿಗೆ ಅಭ್ಯಾಸವಾಗಿದೆ.

ಸಲೋಮಿ ಅತ್ತೆ ನನ್ನ ಅಪ್ಪನ ತಂಗಿ. ಹುಡುಗಿಯಾಗಿದ್ದಾಗಲೇ ನರ್ಸಿಂಗ್ ಕಲಿತು, ಅಪ್ಪನ ಹಿಂದೆಯೇ ದೆಹಲಿಗೆ ಬಂದು, ಇಲ್ಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ದುಡಿದು ನಿವೃತ್ತರಾದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ನೈಟ್ ಡ್ಯೂಟಿ ಮುಗಿಸಿ ಬಂದು ಮತ್ತೊಬ್ಬಗ ಚಹಾ ಕುದಿಸಬೇಕಾಗಿತ್ತು, ಅದಕ್ಕ" ಎನ್ನುತ್ತಾರೆ. ನನ್ನನ್ನು ಎತ್ತಿ ಆಡಿಸಿದವರು ಅವರೇ, ಇಂಜೆಕ್ಷನ್ ಚುಚ್ಚಿದವರೂ ಅವರೇ. ಅಮ್ಮನಿಗಿಂತ ಹೆಚ್ಚಾಗಿ ನಾನು ಹೆದರುತ್ತಿದ್ದದ್ದು ಅವರಿಗೆ. ಬೇಸಿಗೆಯಲ್ಲಿ ಕ್ವಾರ್ಟರ್ಸಿನ ಹುಲ್ಲುಹಾಸಿನ ಮೇಲೆ ಸಾಲಾಗಿ ಮಂಚ ಹಾಕಿ ಮಲಗುತ್ತಿದ್ದ ದಿನಗಳಲ್ಲಿ, ಎಲ್ಲ ಮಕ್ಕಳ ನಾಲಗೆ ತೋರಿಸಿಕೊಂಡೇ ಅವರು ಮಲಗಲು ಬಿಡುತ್ತಿದ್ದದ್ದು.

ಇಂಥ ಗಟ್ಟಿ ಹೆಂಗಸಿಗೆ ಒಂದೇ ಒಂದು ನೋವಿತ್ತು. ಅದು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಅವರ ಹುಟ್ಟುಹಬ್ಬದ ದಿನ ಹೊರಗೆ ಬರುತ್ತಿತ್ತು. "ನಾ ಹುಟ್ಟಿದ ದಿನ ನಮ್ಮವ್ವ ಎಂದೂ ನಗಲಿಲ್ಲ ನೋಡು" ಎನ್ನುತ್ತಿದ್ದರು. ರಜೆ ಹಾಕಿ ಊರಿಗೆ ಹೋದ ವರ್ಷಗಳಲ್ಲಿ ಅಜ್ಜಿ ಮಗಳಿಗೆಂದು ಮಾದಲಿ ಮಾಡುತ್ತಿದ್ದಳಂತೆ, ಹಾಲು ತುಪ್ಪ ಹಾಕಿ ಬಡಿಸುತ್ತಿದ್ದಳಂತೆ, ತಾನು ಮಾತ್ರ ಒಂದು ತುತ್ತೂ ಮುಟ್ಟದೆ ಹಿತ್ತಲಿಗೆ ಹೋಗಿ ಕುಳಿತುಬಿಡುತ್ತಿದ್ದಳಂತೆ. ಒಮ್ಮೆ ಅತ್ತೆ ಹಿಂದೆಯೇ ಹೋಗಿ, "ಯಾಕವ್ವ, ನಾ ಹುಟ್ಟಿದ್ದು ನಿನಗ ಅಷ್ಟು ಬ್ಯಾಸರೇನು?" ಎಂದು ಕೇಳಿಯೇಬಿಟ್ಟರು. ಅಜ್ಜಿ, "ನಿನ್ನ ಸಲುವಾಗಿ ಅಲ್ಲವ್ವಾ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತೆ ಇದಕ್ಕೆ ತಾವೇ ಒಂದು ಅರ್ಥ ಕಟ್ಟಿಕೊಂಡಿದ್ದರು. ಮನೆಗೆ ಒಬ್ಬಳೇ ಮಗಳು ಹಟ ಮಾಡಿ ನರ್ಸಿಂಗ್ ಸೇರಿದಳು, ಊರು ಬಿಟ್ಟಳು. ಅವ್ವನಿಗೆ ಆ ಸಿಟ್ಟು ಸಾಯುವತನಕ ಇಳಿಯಲಿಲ್ಲ. ಹೀಗೆಂದು ನಂಬಿಕೊಂಡೇ ಅವರು ಮುದುಕಿಯಾದರು. ಎಂಬತ್ತು ಹತ್ತಿರ ಬಂದರೂ ಆ ಮಾತು ಬಂದಾಗ ಅವರ ದನಿ ಹದಿನೆಂಟರ ಹುಡುಗಿಯದಾಗುತ್ತಿತ್ತು.

ಈಗ ನನ್ನ ಹುಚ್ಚಿನ ವಿಷಯಕ್ಕೆ ಬರುತ್ತೇನೆ. ನಿವೃತ್ತರಾದವರಿಗೆ ದೆಹಲಿಯಲ್ಲಿ ಎರಡೇ ದಾರಿ: ಪಾರ್ಕಿನಲ್ಲಿ ಕುಳಿತು ರಾಜಕೀಯ ಮಾತಾಡುವುದು ಅಥವಾ ವಂಶವೃಕ್ಷ ಬರೆಯುವುದು. ಪಾರ್ಕಿನಲ್ಲಿ ನನ್ನ ಹಿಂದಿಯನ್ನು ನನಗಿಂತ ಜೋರು ದನಿಯವರು ಸೋಲಿಸಿದ್ದರಿಂದ ನಾನು ಎರಡನೆಯದನ್ನು ಹಿಡಿದೆ. ಒಂದು ಮದುವೆಗೆಂದು ಊರಿಗೆ ಹೋದಾಗ ಹಳೆಯ ಚರ್ಚಿನ ಪಾಸ್ಟರ್ ದೊಡ್ಡ ಮನಸ್ಸು ಮಾಡಿ ದೀಕ್ಷಾಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಮಣ್ಣು ಮಾಡಿದವರ ಪುಸ್ತಕ ಮೂರನ್ನೂ ಮೇಜಿನ ಮೇಲೆ ತಂದಿಟ್ಟರು. "ಕೈ ತೊಳಕೊಂಡು ಮುಟ್ರಿ. ಮದುವಿ ಊಟದ ಎಣ್ಣಿ ನಮ್ಮ ಹಿರ್ಯಾರಿಗೆ ಹತ್ತೂದು ಬ್ಯಾಡ" ಎಂದರು. ತೊಳೆದುಕೊಂಡು ಬಂದು ನಮ್ಮವರೆಂದು ಅನಿಸಿದ ಹಾಳೆಗಳನ್ನೆಲ್ಲ ಫೋನಿನಲ್ಲಿ ಫೋಟೋ ಹೊಡೆದುಕೊಂಡು ಬಂದೆ.

ಮನೆಗೆ ಬಂದು ನೋಡಿದರೆ ಯಳವಟ್ಟಿಯವರೇ ನಾಪತ್ತೆ! ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಳೆಯ ಹಾಳೆಗಳಲ್ಲಿ ಎಲ್ಲೆಲ್ಲೂ ಜೆಲವಟ್ಟಿ ಎಂಬವರು ಹುಟ್ಟುತ್ತಿದ್ದರು, ಮದುವೆಯಾಗುತ್ತಿದ್ದರು, ಸಾಯುತ್ತಿದ್ದರು. ಇವರು ಯಾರಪ್ಪ ನಮ್ಮ ಜಾಗಕ್ಕೆ ಬಂದು ಕುಳಿತವರು ಎಂದು ವಾರಗಟ್ಟಲೆ ಅವರನ್ನು ಬೈದುಕೊಂಡೆ. ಜರ್ಮನ್ನರು 'ಯ'ಕಾರಕ್ಕೆ ಇಂಗ್ಲಿಷಿನ ಜೆ ಅಕ್ಷರ ಹಾಕುತ್ತಾರೆಂದು ಆಮೇಲೆ ತಿಳಿಯಿತು. ನಾನು ಬೈದದ್ದು ನನ್ನ ಮುತ್ತಾತನನ್ನೇ. ಅಲ್ಲಿಂದ ಮುಂದೆ ನಾನು ಪಂಡಿತನಾದೆ. ಎಲವತ್ತಿ, ಜೆಲವಟ್ಟಿ, ಯಳವತ್ತಿ, ಯಾರೇ ಬರಲಿ, ಎಲ್ಲರನ್ನೂ ಒಂದೇ ಪಂಕ್ತಿಗೆ ಕೂರಿಸುತ್ತಿದ್ದೆ. ವಿಮಲಾ ಇದನ್ನು ನೋಡಿ, "ಇನ್ನೊಂದು ವಾರ ಬಿಟ್ಟರೆ ನೀವು ಹುಬ್ಬಳ್ಳಿಯವರನ್ನೆಲ್ಲ ನೆಂಟರು ಮಾಡ್ತೀರಿ" ಎಂದಳು.

ಈ ಕೆಲಸಕ್ಕೆ ನನ್ನ ಸಹಾಯಕಿ ಮಗಳು ಕರುಣಾ. ನೋಯ್ಡಾದ ಒಂದು ಕಂಪನಿಯಲ್ಲಿದ್ದಾಳೆ. ಶನಿವಾರ ಬಂದರೆ ಟೆರೇಸಿನ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಹೇಳಿದ್ದನ್ನು ಮರದ ಕೊಂಬೆಗೆ ಸಿಕ್ಕಿಸುತ್ತಾಳೆ. ಚಳಿಗಾಲದ ಟೆರೇಸು ಎಂದರೆ ನಮ್ಮ ಮನೆಯ ದರ್ಬಾರು. ಒಂದು ಕಡೆ ಹಪ್ಪಳದಂತೆ ಒಣಗುತ್ತಿರುವ ರಜಾಯಿ ಹೊದಿಕೆಗಳು, ಇನ್ನೊಂದು ಕಡೆ ಬಟಾಣಿಯ ರಾಶಿ. ರಾಶಿಯ ಮುಂದೆ ಅತ್ತೆ. ದೆಹಲಿಯ ಚಳಿಗಾಲದಲ್ಲಿ ಬಟಾಣಿ ಬಿಡಿಸದವರಿಗೆ ಬಿಸಿಲಿನಲ್ಲಿ ಕೂರುವ ಹಕ್ಕಿಲ್ಲ ಎಂದು ಅವರ ಕಾನೂನು.

ಕರುಣಾ ಒಂದು ದಿನ ತಲೆ ಎತ್ತಿ, "ಅಪ್ಪಾ, ಯೇ ಕ್ಯಾ ಹೈ? ಎಲ್ಲಾ ಕಡೆ ಸೇಮ್ ನೇಮ್ಸ್. ಯಾಕೋಬ, ಸಲೋಮಿ, ಯಾಕೋಬ, ಸಲೋಮಿ. ಬೇರೆ ಹೆಸರೇ ಸಿಗಲಿಲ್ವಾ ಇವರಿಗೆ?" ಎಂದಳು.

ಉತ್ತರ ಕೊಟ್ಟದ್ದು ಅತ್ತೆ. "ಮೊದಲನೇ ಗಂಡು ಕೂಸಿಗೆ ಅಜ್ಜನ ಹೆಸರು, ಮೊದಲನೇ ಹೆಣ್ಣು ಕೂಸಿಗೆ ಅಪ್ಪನ ಅವ್ವನ ಹೆಸರು. ಅದು ನಮ್ಮ ಮನಿ ರೂಢಿ. ನಿಮ್ಮಪ್ಪನ ಕಾಲಕ್ಕ ಕೆಟ್ಟುಹೋತು. ನನಗೂ ನಮ್ಮಜ್ಜಿ ಹೆಸರ ಇಟ್ಟಾರ."

"ಮತ್ತೆ ಅಜ್ಜಿ, ನೀವು ಇಲ್ಲಿ ಎರಡು ಸಲ ಬಂದಿದ್ದೀರಿ" ಎಂದು ಕರುಣಾ ಪರದೆ ತೋರಿಸಿದಳು. ದೀಕ್ಷಾಸ್ನಾನದ ಪುಸ್ತಕದಲ್ಲಿ ಎರಡು ಕಡೆ ಸಲೋಮಿ. ತಂದೆ ಯಾಕೋಬ, ತಾಯಿ ಮಾರ್ಥ, ಅಂದರೆ ನನ್ನ ಅಜ್ಜ ಅಜ್ಜಿಯೇ. ಒಂದು ಹಳೆಯ ಪಾಸ್ಟರರ ಕೈಬರಹದಲ್ಲಿ ಜೆಲವಟ್ಟಿ, ಇನ್ನೊಂದು ಅವರ ನಂತರ ಬಂದವರ ಕೈಯಲ್ಲಿ ಶುದ್ಧ ಕನ್ನಡದ ಯಳವಟ್ಟಿ. ಮೊದಲನೆಯದು ಫೆಬ್ರವರಿಯ ಕೂಸು, ಎರಡನೆಯದು ಅದಕ್ಕೆ ಎರಡೂವರೆ ವರ್ಷದ ನಂತರ, ಮಳೆಗಾಲದ್ದು.

ನನ್ನೊಳಗಿನ ಪಂಡಿತ ಎದ್ದು ನಿಂತ. "ಹೊಸ ಪಾಸ್ಟರ್ ಬಂದಾಗ ಹಳೇದನ್ನೆಲ್ಲ ನಕಲು ಮಾಡಿರ್ತಾರೆ. ಆ ದಿನಾಂಕ ನಕಲು ಮಾಡಿದ ದಿನದ್ದು. ಅಡ್ಡಹೆಸರು ಎರಡು ಥರ ಇದ್ದರೂ ಮನುಷ್ಯ ಒಬ್ಬನೇ, ಇಷ್ಟು ದಿನ ನಾನು ಹೇಳ್ತಿರೋದು ಇದೇ" ಎಂದೆ. ಆಫೀಸಿನಲ್ಲಿ ಜೀವನವಿಡೀ ನಕಲುಗಳ ನಡುವೆ ಬಾಳಿದವನಿಗೆ ಭೂಮಿಯ ಮೇಲಿನ ಎರಡನೆಯ ಪ್ರತಿಯೆಲ್ಲ ನಕಲೇ. ಕರುಣಾ, "ಅಚ್ಛಾ, ಡಿಲೀಟ್ ಕರೂಂ?" ಎಂದು ಎರಡನೆಯ ಸಲೋಮಿಯನ್ನು ಅಳಿಸಿದಳು. ಆ ಹೊತ್ತಿಗೆ ಎದುರಿಗೇ ಕುಳಿತು ಬಟಾಣಿ ಬಿಡಿಸುತ್ತಿದ್ದವರನ್ನೇ ನಾವು ಅಳಿಸಿದ್ದೆವು ಎಂದು ನಮಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಹುಟ್ಟುಹಬ್ಬಕ್ಕೆ ಒಂದು ವಾರ ಇರುವಾಗ. ಎಂಬತ್ತಾಗುತ್ತದೆಂದು ಮನೆಯಲ್ಲಿ ಸಡಗರ. ಕನ್ನಡದ ಆರಾಧನೆಯಲ್ಲಿ ವಿಶೇಷ ಪ್ರಾರ್ಥನೆ, ಆಮೇಲೆ ಎಲ್ಲರಿಗೂ ಊಟ. ಕರುಣಾ ಕೇಕಿನ ಮೇಲೆ ದೊಡ್ಡದಾಗಿ ಎಂಬತ್ತು ಎಂದು ಬರೆಸಲು ಹೇಳಿಯಾಗಿತ್ತು. ನಾನು ಭಾಷಣಕ್ಕೆ ನಾಲ್ಕು ಹಳೆಯ ಮಾತು ಸಿಗಬಹುದೆಂದು ಮಣ್ಣು ಮಾಡಿದವರ ಪುಸ್ತಕದ ಫೋಟೋಗಳನ್ನು ತೆರೆದೆ. ಹಳೆಯ ಪಾಸ್ಟರರ ಕೈಬರಹ. ಸಲೋಮಿ ಜೆಲವಟ್ಟಿ, ಯಾಕೋಬ ಮಾರ್ಥರ ಮಗಳು, ಹತ್ತು ತಿಂಗಳು, ಜ್ವರ.

ಕೂಸು ಸತ್ತಿದೆ, ಅದೇ ಕೂಸು ಟೆರೇಸಿನ ಮೇಲೆ ಕುಳಿತು ವಿಮಲಾಗೆ ಉಪ್ಪು ಜಾಸ್ತಿಯಾಯಿತು ಎನ್ನುತ್ತಿದೆ. ಮೂರು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆಮೇಲೆ ಒಂದೊಂದೇ ತಿಳಿಯಿತು. ಮೊದಲ ಹೆಣ್ಣು ಕೂಸಿಗೆ ರೂಢಿಯಂತೆ ಅಜ್ಜನ ತಾಯಿಯ ಹೆಸರಿಟ್ಟರು. ಅದು ಉಳಿಯಲಿಲ್ಲ. ಆ ಹೆಸರು ಮನೆಯಲ್ಲಿ ಇಲ್ಲದಂತಾಗಬಾರದೆಂದು ಮುಂದೆ ಹುಟ್ಟಿದ ಹೆಣ್ಣಿಗೂ ಅದೇ ಹೆಸರಿಟ್ಟರು. ಶಾಲೆಯಲ್ಲಿ ಮಾಸ್ತರರು ಎಲ್ಲ ಮಕ್ಕಳಿಗೂ ಜೂನ್ ಒಂದನೇ ತಾರೀಖು ಬರೆದುಕೊಳ್ಳುತ್ತಿದ್ದ ಕಾಲ ಅದು, ನಿಜವಾದ ದಿನ ಯಾರಿಗೆ ಬೇಕಿತ್ತು? ನರ್ಸಿಂಗಿಗೆ ಸೇರುವಾಗ ಮಾತ್ರ ಚರ್ಚಿನ ಪತ್ರ ಬೇಕೆಂದರು, ವಯಸ್ಸು ತುಂಬಿರಬೇಕೆಂದರು. ಅಜ್ಜ ಚರ್ಚಿಗೆ ಹೋಗಿ ಸಲೋಮಿಯ ಪತ್ರ ತಂದ. ತಂದದ್ದು ಹಿರಿಯ ಸಲೋಮಿಯದು. ಬರೆದುಕೊಟ್ಟವರು ಮೊದಲು ಕಂಡದ್ದನ್ನೇ ಬರೆದರೋ, ಮಗಳ ಆಸೆ ನೋಡಲಾರದೆ ಅಜ್ಜನೇ ಬೆರಳಿಟ್ಟು ತೋರಿಸಿದನೋ, ಅದನ್ನು ಹೇಳುವವರು ಈಗ ಯಾರೂ ಇಲ್ಲ. ಅಪ್ಪನಿಗೆ ಗೊತ್ತಿತ್ತೇನೋ. ಅವರೂ ಹೇಳದೆ ಹೋದರು.

ಹಾಗಾದರೆ ಫೆಬ್ರವರಿಯ ಆ ದಿನ ಅಜ್ಜಿಗೆ ಯಾರ ಹುಟ್ಟಿದ ದಿನ? ಇದು ಹೊಳೆದಾಗ ಎದ್ದು ಅಡುಗೆಮನೆಗೆ ಹೋದೆ. ವಿಮಲಾಗೆ ಹೇಳಿದೆ. ಊಟಕ್ಕೆ ಹೇಳಿಯಾಗಿದೆ, ಕೇಕಿಗೆ ಹೇಳಿಯಾಗಿದೆ, ಇಷ್ಟು ವಯಸ್ಸಿನಲ್ಲಿ ಇದನ್ನು ಕೆದಕಬೇಕೇ ಎಂದು ನನ್ನ ಹಳದಿ ದೀಪ ಉರಿಯತೊಡಗಿತ್ತು. ಅವಳು, "ಅವರ ಅವ್ವನ ಮಾತು ಅದು. ನಿಮ್ಮ ಹತ್ತಿರ ಇಟ್ಟುಕೊಳ್ಳೋಕೆ ನೀವು ಯಾರು?" ಎಂದಳು.

ಮರುದಿನ ಬಿಸಿಲೇರಿದ ಮೇಲೆ ಹೋಗಿ ಅತ್ತೆಯ ಎದುರು ಕುಳಿತೆ.

"ಅತ್ತಿ, ನಿಮಗ ಒಂದು ಮಾತು ಹೇಳಬೇಕಿತ್ತು."

"ಹೇಳು. ಕೈ ಖಾಲಿ ಐತಲ್ಲ, ಬಟಾಣಿ ತಗೋ."

ಬಟಾಣಿ ಬಿಡಿಸುತ್ತಲೇ ಹೇಳಿದೆ. ಮುಗಿದ ಮೇಲೆ ಫೋನು ಇಸಿದುಕೊಂಡು, ಅಕ್ಷರ ದೊಡ್ಡದು ಮಾಡಿಸಿಕೊಂಡು, ಮೂರು ಹಾಳೆಗಳನ್ನೂ ಓದಿದರು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹಂಗಾರ ನನಗ ಎಂಬತ್ತಲ್ಲ?"

"ಅಲ್ಲ. ಎಪ್ಪತ್ತೇಳು ಮುಗದಾವ ಅಷ್ಟ."

"ನೋಡು, ಈ ಮೊಣಕಾಲು ಸುಳ್ಳ ನೋಯಾಕ ಹತ್ಯಾವ. ನರ್ಸಿಂಗಿನ್ಯಾಗ ಎಲ್ಲಾರೂ ನನಗ ಮರಿ, ಮರಿ ಅಂತಿದ್ರು. ಯಾಕಂತ ಈಗ ತಿಳೀತು. ಮತ್ತ ರಿಟೈರ್ಮೆಂಟೂ ಎರಡೂವರಿ ವರ್ಷ ಮೊದಲ ಮಾಡಿ ಕಳಿಸ್ಯಾರಲ್ಲೋ!"

ನಾನು ನಕ್ಕೆ. ಭಾರ ಇಳಿಯಿತು ಎಂದುಕೊಂಡು, ಪೆನ್ಷನ್ ಆಫೀಸಿಗೆ ಇದನ್ನು ತಿಳಿಸುವುದು ಹೇಗೆ, ಯಾವ ಅರ್ಜಿ ಎಂದು ಏನೋ ಶುರು ಮಾಡಿದೆ. "ನಿನ್ನ ಫೈಲು ಆಮ್ಯಾಲ ತಗಿ" ಎಂದು ಅವರು ಕೈ ಎತ್ತಿ ಸುಮ್ಮನಾಗಿಸಿದರು. ಫೋನು ನನ್ನ ಕೈಗಿಟ್ಟು ಕೇಳಿದರು.

"ಎಷ್ಟು ತಿಂಗಳ ಕೂಸು ಅಂದಿ?"

"ಹತ್ತು."

"ಕುಂದ್ರಾಕ ಬರ್ತಿತ್ತು ಹಂಗಾರ. ಮುಂದಿನ ಹಲ್ಲು ಬಂದಿರ್ತಾವ. ಅವ್ವಾ ಅನ್ನಾಕ ಕಲ್ತಿರ್ತೈತಿ." ಜೀವನವಿಡೀ ಮಕ್ಕಳ ವಾರ್ಡಿನಲ್ಲಿದ್ದವರು ಅವರು. ಕೂಸನ್ನು ಎದುರಿಗೇ ಕಂಡಂತೆ ಹೇಳಿದರು. ಆಮೇಲೆ ಮಡಿಲಿನ ಕನ್ನಡಕ ಎತ್ತಿ ಸೆರಗಿನಿಂದ ಒರೆಸಿದರು. "ನಿನ್ನ ಸಲುವಾಗಿ ಅಲ್ಲವ್ವಾ ಅಂದಿದ್ಲು. ಖರೇನ ಹೇಳಿದ್ಲಲ್ಲೋ ಸತ್ಯಾ. ನಮ್ಮವ್ವ ನನ್ನ ಮ್ಯಾಲೆ ಸಿಟ್ಟಾಗಿರಲಿಲ್ಲ."

ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪ ಹೋದಾಗಲೂ ಆಸ್ಪತ್ರೆಯ ಕಾಗದಗಳಿಗೆ ಓಡಾಡಿದವರು ಅವರೇ ಹೊರತು ಅತ್ತಿರಲಿಲ್ಲ. ಈಗ ಬಟಾಣಿ ಸಿಪ್ಪೆಯ ನಡುವೆ ಕುಳಿತು, ಅವ್ವನಿಗೆ ಹೇಳದೆ ಉಳಿದ ಎಷ್ಟೋ ವರ್ಷದ್ದನ್ನೆಲ್ಲ ಅತ್ತರು. ನಾನೂ ಅತ್ತೆ. ಅದು ದುಃಖದ ಅಳುವೆಂದು ಈಗಲೂ ನನಗೆ ಅನಿಸುವುದಿಲ್ಲ. ವಿಮಲಾ ಮೂರು ಲೋಟ ಚಹಾ ತಂದಿಟ್ಟು ಪಕ್ಕದಲ್ಲಿ ಕುಳಿತಳು. ಚಹಾ ಕುಡಿದು ಮುಗಿಸುವಾಗ ಅತ್ತೆಯ ದನಿ ತನ್ನ ಜಾಗಕ್ಕೆ ಬಂದಿತ್ತು.

"ನಮ್ಮಕ್ಕ ತನ್ನ ವಯಸ್ಸು ನನಗ ಕೊಟ್ಟು ದಿಲ್ಲಿಗೆ ಕಳಿಸ್ಯಾಳ ನೋಡು. ಇಲ್ಲಂದ್ರ ನಾ ಊರಾಗ ಕುಂತು ಯಾವನಿಗೋ ಚಹಾ ಕುದಿಸ್ತಿದ್ನಿ."

"ಮತ್ತ ಹುಟ್ಟುಹಬ್ಬ ಏನು ಮಾಡೋಣು? ಕೇಕಿನ ಮ್ಯಾಲೆ ಎಂಬತ್ತು ಅಂತ ಬರಸ್ಯಾಳ ಕರುಣಾ."

"ಇರಲಿ. ಅಕ್ಕಗ ಎಂಬತ್ತಽ ಅಲ್ಲೇನು?" ಎಂದರು. ಪಾಸ್ಟರಿಗೆ ಚೀಟಿ ತಾವೇ ಬರೆದುಕೊಡುತ್ತೇನೆಂದು ಹೇಳಿ ಮತ್ತೆ ಬಟಾಣಿಗೆ ಕೈ ಹಾಕಿದರು.

ದೆಹಲಿಯ ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚಿಲ್ಲ. ಹಿಂದಿಯವರ ಆರಾಧನೆ ಮುಗಿದು ಬಾಗಿಲಲ್ಲಿ ಅವರ ಮಕ್ಕಳ ಚಪ್ಪಲಿಗಳೆಲ್ಲ ಖಾಲಿಯಾದ ಮೇಲೆ, ಮಧ್ಯಾಹ್ನ, ಅದೇ ಬೆಂಚುಗಳ ಮೇಲೆ ನಾವು ಕುಳಿತುಕೊಳ್ಳುತ್ತೇವೆ. ಕೊನೆಯಲ್ಲಿ ಆ ತಿಂಗಳು ಹುಟ್ಟಿದವರ ಹೆಸರನ್ನು ಪಾಸ್ಟರ್ ಓದುತ್ತಾರೆ. ಹೆಸರು ಬಂದವರು ಎದ್ದು ನಿಲ್ಲಬೇಕು, ಉಳಿದವರು ಕೈ ಚಾಚಿ ಹರಸಬೇಕು. ಅದು ನಮ್ಮ ಪದ್ಧತಿ. ಅಂದು ಅತ್ತೆ ಕೆನೆಬಣ್ಣದ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕುಳಿತಿದ್ದರು. ಮೊಣಕಾಲಿನ ನೋವಿಗೆ ಎಬ್ಬಿಸಲು ಪಕ್ಕದಲ್ಲಿ ನಾನು.

ಪಾಸ್ಟರ್ ಚೀಟಿ ಬಿಡಿಸಿ, "ಸಲೋಮಿ ಯಳವಟ್ಟಿ" ಎಂದು ಓದಿದರು.

ನಾನು ಎದ್ದು ಕೈ ನೀಡಿದೆ. ಅತ್ತೆ ಆ ಕೈ ಹಿಡಿದು ಕೆಳಗೆ ಎಳೆದರು.

"ಕುಂದರು" ಎಂದರು ಮೆಲ್ಲಗೆ. "ಹಿರಿಯಾಕಿ ಮೊದಲು."

ಯಾರೂ ಎದ್ದು ನಿಲ್ಲಲಿಲ್ಲ. ಪಾಸ್ಟರ್ ಮೊದಲ ಸಾಲಿನತ್ತ ನೋಡಿ ಅರ್ಥವಾದವರಂತೆ ಕೈ ಚಾಚಿದರು. ಎಲ್ಲರೂ, ಯಾರಿಗೆಂದು ತಿಳಿಯದಿದ್ದರೂ, ಕೈ ಚಾಚಿದರು. ಅತ್ತೆಯೂ ಚಾಚಿದರು, ತಮ್ಮ ಮುಂದಿನ ಖಾಲಿ ಜಾಗದ ಕಡೆಗೆ, ಕೂಸಿನ ತಲೆ ಮುಟ್ಟುವಷ್ಟು ಕೆಳಗೆ. ಹರಕೆ ಮುಗಿಯಿತು. ಪಾಸ್ಟರ್ ಚೀಟಿಯ ಎರಡನೆಯ ಸಾಲು ನೋಡಿ ಮತ್ತೆ ಅದೇ ಹೆಸರು ಓದಿದರು. ಆಗ ಅತ್ತೆ ನನ್ನ ಕೈ ಹಿಡಿದು ಎದ್ದು ನಿಂತರು.